ಅಮ್ಮ ಹಾಕಿಸಿದ ಸೊನ್ನೆ

ಚಿಕ್ಕಬಳ್ಳಾಪುರ
9 ನವೆಂಬರ್ 2025

ಪ್ರೀತಿಯ ರೂಪಕ್ಕಾ, ಜೈ ಭೀಮ್.

ನಿನ್ನ ಸೊಂಟನೋವು ಹೇಗಿದೆ? ಮಸ್ಕತ್ತಿನ ರೋಗಿಗಳನ್ನೆಲ್ಲ ನೀನೊಬ್ಬಳೇ ಎತ್ತಬೇಡ, ನರ್ಸಿಗೂ ಬೆನ್ನುಮೂಳೆ ಒಂದೇ. ಈಗ ನನ್ನ ಸುದ್ದಿ ಕೇಳು. ಆನ್‌ಲೈನ್ ಪಿಎಚ್‌ಡಿಗೆ ಸೇರಿಸಿಕೊಳ್ಳುವಾಗ ವಿಶ್ವವಿದ್ಯಾಲಯದವರು ಕೊಟ್ಟ ಮಾತು: ಆಸ್ಪತ್ರೆಯ ಡ್ಯೂಟಿ ಬಿಡಬೇಕಿಲ್ಲ, ವಿಷಯ ನಿನ್ನದೇ, ನಿನ್ನ ಜನರ ಮಾತೇ ಪುರಾವೆ. ಈಗ ಹೇಳುತ್ತಿರುವುದು: ಇನ್ನೊಮ್ಮೆ ಕೇಳುವಂತಿಲ್ಲ, ಆ ಹೆಂಗಸರಿಗೆ ನೋವೇ ಇಲ್ಲವೆಂದು ಬರೆದು ಸಲ್ಲಿಸು.

ನೋವೇ ಇಲ್ಲವಂತೆ! ಶಿಡ್ಲಘಟ್ಟದಲ್ಲಿ ಬಿಸಿನೀರಿನ ತೊಟ್ಟಿಗೆ ಕೈಯಿಟ್ಟು ರೇಷ್ಮೆಗೂಡಿನ ಎಳೆ ತೆಗೆಯುವವರಿಗೆ! ನನ್ನ ಸಂಶೋಧನೆ ಅವರ ಬೆರಳುಗಳ ಮೇಲೆಯೇ ಎಂಬುದು ನಿನಗೆ ಗೊತ್ತು. ನೋವಿಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಹತ್ತು. ಕೇಳುವ ಕ್ರಮ ಇಷ್ಟೇ. ಘಟಕದ ಯಜಮಾನ ಮೋಹನ್‌ಬಾಬು ಖುಷಿಯಿಂದ ಒಪ್ಪಿ, ಕುರ್ಚಿ ಹಾಕಿಸಿ, ಟೀ ತರಿಸಿದ. ನಾನು ಮಗಳಾದ್ದರಿಂದ ಅಲ್ಲೇ ದುಡಿಯುವ ಅಮ್ಮನನ್ನು ನಮ್ಮ ವಾರ್ಡಿನ ನರ್ಸ್ ತನುಶ್ರೀ ಕೇಳಿದಳು. "ಸೊನ್ನೆ ಹಾಕ್ಕೋಮ್ಮಾ, ನಮ್ದೇನು ಮೈಯಾ, ಕಬ್ಬಿಣ" ಎಂದು ಅಮ್ಮ ನಕ್ಕಳಂತೆ. ಉಳಿದವರೂ ಸೊನ್ನೆ. ಪರದೆಯ ಮೇಲೆ ಅದನ್ನು ನೋಡಿದ ಗೈಡ್ ಮೇಡಂ, ಇಷ್ಟು ಚೊಕ್ಕ ಫಲಿತಾಂಶ ಅಪರೂಪ ಎಂದು ಹೊಗಳಿದರು.

ಹೋದ ವಾರ ಮನೆಗೆ ಹೋದರೆ ಅಮ್ಮ ಮುದ್ದೆಯನ್ನು ಚಮಚದಲ್ಲಿ ಮುರಿಯುತ್ತಿದ್ದಳು. ಮುದ್ದೆಯನ್ನು, ಚಮಚದಲ್ಲಿ! "ಸಾರಿನ ಖಾರ ಬೆರಳಿಗೆ ಹತ್ತುತ್ತೆ ಕಣಮ್ಮ" ಅಂದಳು. ಬೆರಳ ತುದಿಯ ಚರ್ಮವೆಲ್ಲ ಸುಲಿದು ಕೆಂಪಗಿತ್ತು. ಮತ್ತೆ ಸೊನ್ನೆ ಅಂದೆಯಲ್ಲ ಎಂದರೆ, "ಟೀ ಕೊಟ್ಟೋನು ಪಕ್ದಲ್ಲೇ ನಿಂತಿದ್ನಲ್ಲೇ! ಕೈ ಉರಿ ಅಂದೋಳ ತೊಟ್ಟಿ ಮುಂದೆ ಬೆಳಗಾದ್ರೆ ಬೇರೆಯೋಳು ಕೂತಿರ್ತಾಳೆ. ನಿನ್ನ ಡಾಕ್ಟ್ರೇಟು ನಂಗೆ ತೊಟ್ಟಿ ಕೊಡುತ್ತೇನೇ?" ಎಂದು ಗದರಿದಳು. ಮಿಕ್ಕವರನ್ನು ಅವರವರ ಮನೆಯಲ್ಲೇ ಕೇಳಿದೆ. ವೆಂಕಟರತ್ನಮ್ಮ, "ಹತ್ತಕ್ಕಿಂತ ದೊಡ್ಡದಿಲ್ವಾ ನಿನ್ ಹತ್ರ?" ಅಂದಳು.

ಇದನ್ನೆಲ್ಲ ಹೇಳಿದರೆ ಮೇಡಂ ಹೇಳಿದ್ದು ಇಷ್ಟೇ: ಮೊದಲು ಬಂದ ಸೊನ್ನೆಗಳನ್ನು ಇದ್ದ ಹಾಗೆ ಕೊಟ್ಟರೆ ಪದವಿ, ಇಲ್ಲದಿದ್ದರೆ ನೋಂದಣಿ ರದ್ದು. ಯಜಮಾನನ ಎದುರು ಕಚ್ಚಿಹಿಡಿದ ನಾಲಿಗೆಯನ್ನು ವಿಜ್ಞಾನ ಎನ್ನುತ್ತಾರೆ ಇವರು! ನಾಳೆ ಇದೇ ಸೊನ್ನೆ ಹಿಡಿದು ಮೋಹನ್‌ಬಾಬು, "ನಿಮ್ಮೋಳೇ ಬರ್ದವ್ಳಲ್ಲ" ಎಂದು ಆ ಹೆಂಗಸರ ಬಾಯಿ ಮುಚ್ಚಿಸುತ್ತಾನೆ. ನಮ್ಮವರ ಸುಲಿದ ಚರ್ಮದ ಮೇಲೆ ಹೆಸರು ಬರೆಸಿಕೊಳ್ಳುವ ಡಾಕ್ಟರ್ ನಾನಲ್ಲ.

ಅಪ್ಪ ನಿನ್ನನ್ನು ದಿನವೂ ನೆನೆಯುತ್ತಾರೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಸಂಘಮಿತ್ರ

ಮರೆತಿದ್ದೆ: ಸಮಿತಿಯ ಮುಂದೆ ನನ್ನ ಕೊನೆಯ ಮಂಡನೆ ಇದೆ. ಕೋಣೆಯಲ್ಲಿ ಒಬ್ಬಳೇ ಕೂರುವುದಿಲ್ಲ. ಶಿಡ್ಲಘಟ್ಟದ ಅಂಬೇಡ್ಕರ್ ಭವನದಲ್ಲಿ ಆ ಹೆಂಗಸರೆಲ್ಲರೊಂದಿಗೆ ಕೂರುತ್ತೇನೆ. ಕ್ಯಾಮೆರಾಗೆ ಮೊದಲು ಸುಲಿದ ಕೈ ತೋರಿಸುವವಳು ಅಮ್ಮ. ತೊಟ್ಟಿ ಹೋಗುತ್ತದೆ ಎಂದೆ. "ನಾನೇ ಹಾಕ್ಸಿದ್ ಸೊನ್ನೆ, ನಾನೇ ಅಳಿಸ್ತೀನಿ" ಅಂದಳು. ಲಿಂಕ್ ಕಳಿಸುತ್ತೇನೆ, ನೀನೂ ಬಾ. ಶನಿವಾರ, ನವೆಂಬರ್ 15, ಬೆಳಗ್ಗೆ ಹನ್ನೊಂದು ಗಂಟೆ, ನಿನ್ನಲ್ಲಿ ಒಂಬತ್ತೂವರೆ.