ಹಕ್ಕಿ ಎಂದು ಬರೆದದ್ದು

ಮಾರ್ಚ್ 12, ಗುರುವಾರ. ವರ್ಜೀನಿಯಾ ತೀರದಾಚೆ, ವಿಮಾನವಾಹಕ ಹಡಗಿನಲ್ಲಿ.

ಒಂದು ಪದ ಬರೆದು ಸಿಕ್ಕಿಬಿದ್ದೆ.

ಸೋಮವಾರ ನನ್ನ ರಾಡಾರ್ ಪರದೆಯಲ್ಲಿ ಕಂಡ ಚುಕ್ಕೆಯನ್ನು ಹತ್ತಿರ ಹೋಗಿ ನೋಡಿಬಂದವರು ಪೈಲಟ್ ಹ್ಯಾವರ್ಟಿ ಮೇಡಂ. ರೆಕ್ಕೆಯಿಲ್ಲದ ಬಿಳಿ ಉಂಡೆ ಎಂದರು. ಅಂದಿನಿಂದ ಮೇಡಂ ಊಟಕ್ಕೆ ಕೂತರೆ ಜೊತೆಯ ಪೈಲಟ್‌ಗಳು, “ಮಂಗಳ ಗ್ರಹದಿಂದ ನೆಂಟರು ಬಂದ್ರಾ?” ಎಂದು ಕಾಡುತ್ತಾರೆ. ಮೇಲಿನವರು ಮೇಡಂ ಹಾರಾಟ ನಿಲ್ಲಿಸಿದ್ದಾರೆ. ನಾಳೆ ಕಣ್ಣಿನ ಪರೀಕ್ಷೆಯಂತೆ. ಏಕೆಂದರೆ ನನ್ನ ದಾಖಲೆಯಲ್ಲಿ ಆ ಚುಕ್ಕೆಯ ಎದುರು ‘ಹಕ್ಕಿ’ ಎಂದಿದೆ. ‘ಗೊತ್ತಿಲ್ಲ’ ಎಂದು ಬರೆದರೆ ಹನ್ನೊಂದು ಪುಟದ ಫಾರಂ ತುಂಬಬೇಕು. ಪಾಳಿ ಮುಗಿಯುವ ಹೊತ್ತಿಗೆ ಅದನ್ನು ಯಾರು ಮುಟ್ಟುತ್ತಾರೆ?

ಇಂದು ತನಿಖೆಗೆ ಬಂದ ಕಮಾಂಡರ್ ಓಸ್ಟ್ರಾಂಡರ್ ಕೇಳಿದರು: “ಇಪ್ಪತ್ತೆಂಟು ಸಾವಿರ ಅಡಿ ಮೇಲೆ, ಎರಡು ಗಂಟೆ ಅಲ್ಲಾಡದೆ ನಿಂತಿತ್ತು. ಯಾವ ಹಕ್ಕಿನಪ್ಪಾ ಅದು?”

“ಹಕ್ಕಿ ಅಲ್ಲ ಸರ್. ಫಾರಂ ತುಂಬೋಕೆ ಬೇಜಾರಾಗಿ ಹಾಗೆ ಬರೆದೆ. ಮೇಡಂ ಹೇಳಿದ ಜಾಗದಲ್ಲೇ ಅದಿತ್ತು.”

ಬೈಯಲಿಲ್ಲ. ಮೇಡಂ ಉಳಿದರು ಎಂದು ಎದೆ ಹಗುರಾಯಿತು. ಅಷ್ಟರಲ್ಲಿ ಕಮಾಂಡರ್ ದಾಖಲೆಯ ಹಿಂದಿನ ಹಾಳೆಗಳನ್ನು ತಿರುವಿದರು.

“ಜನವರಿಯಿಂದ ಇನ್ನೂ ಹದಿಮೂರು ಹಕ್ಕಿ ಬರೆದಿದೀಯಲ್ಲ. ಅವು?”

ಈಗ ರಾತ್ರಿ. ಇಷ್ಟು ಹೊತ್ತು ಹಾಸಿಗೆಯಲ್ಲಿ ಮಲಗಿ ಒಂದೊಂದನ್ನೂ ನೆನಪಿಸಿಕೊಂಡೆ. ಹಕ್ಕಿಯೇ ಎಂದು ಆಣೆ ಮಾಡಿ ಹೇಳಬಲ್ಲದ್ದು ಒಂದೇ ಒಂದು. ಅದು ಡೆಕ್ಕಿನ ಮೇಲೆ ಸತ್ತು ಬಿದ್ದಿತ್ತು.