ಸೋರುವ ಡ್ರಮ್ಮಿಗೆ ಸೊನ್ನೆ

ಗಣಿತ ವಿಭಾಗ, ಮೌಲ್ಯಮಾಪನದ ಕೊಠಡಿ
ಶನಿವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಕುಶಲ ಕೇಳುವ ಮುಖ ನನಗಿಲ್ಲ, ನೇರ ವಿಷಯಕ್ಕೆ ಬರುತ್ತೇನೆ. ಗುಬ್ಬಿ ಕ್ಯಾಲ್ಕುಲಸ್‌ನಲ್ಲಿ ಮೂರು ಅಂಕಕ್ಕೆ ಫೇಲಾದಳು, ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ, ಗಣಿತವನ್ನೇ ಬಿಟ್ಟುಬಿಡುತ್ತೇನೆ ಅನ್ನುತ್ತಿದ್ದಾಳೆ, ಪಾಠ ಮಾಡುವ ಚಿಕ್ಕಮ್ಮನಾಗಿ ನೀನಾದರೂ ಬುದ್ಧಿ ಹೇಳು ಎಂದು ಬರೆದಿದ್ದೀಯ. ಬುದ್ಧಿ ಹೇಳಿಸಿಕೊಳ್ಳಬೇಕಾದವರು ನಾವು, ನಿನ್ನ ಮಗಳಲ್ಲ.

ಈ ವರ್ಷ ನಮ್ಮ ವಿಭಾಗಕ್ಕೆ ಹೊಸ ಗೀಳು ಹಿಡಿದಿದೆ. ವಿದ್ಯಾರ್ಥಿಗಳು ಸೂತ್ರ ಉರು ಹೊಡೆಯಬಾರದಂತೆ, ಮೇಲುಮಟ್ಟದಲ್ಲಿ ಯೋಚಿಸಬೇಕಂತೆ. ಕೇಳಲು ಚೆನ್ನಾಗಿಯೇ ಇದೆ. ಅದಕ್ಕೆಂದು ಪರೀಕ್ಷೆಯಲ್ಲಿ ಎಂಟು ಅಂಕದ ಒಂದು ‘ಯೋಚನೆ ಪ್ರಶ್ನೆ’ ಇಟ್ಟರು. ಅದರ ಬೆನ್ನಿಗೇ ಉತ್ತರಸೂಚಿಯೂ ಬಂತು: ‘ಏಕೆಂದರೆ’ ಇರುವ ವಾಕ್ಯಕ್ಕೆ ಎರಡು ಅಂಕ, ‘ಆದ್ದರಿಂದ’ ಇದ್ದರೆ ಇನ್ನೆರಡು, ಸೂಚಿಯಲ್ಲಿರುವಂಥದೇ ಚಿತ್ರಕ್ಕೆ ನಾಲ್ಕು. ಯೋಚನೆಯನ್ನು ತೂಕ ಹಾಕುವ ಅಂಗಡಿ ತೆರೆದು ಕೂತಿದ್ದೇವೆ.

ಪ್ರಶ್ನೆ ತೆಗೆದವಳು ನಾನೇ. ತೊಟ್ಟಿಯೊಂದಕ್ಕೆ ನಲ್ಲಿಯ ನೀರು ಒಂದೇ ಸಮ ಬೀಳುತ್ತಿದೆ. ಮಟ್ಟ ಮೊದಲು ಬೇಗ ಏರಿ, ಬರಬರುತ್ತ ನಿಧಾನವಾಗುತ್ತದೆ. ತೊಟ್ಟಿ ಹೇಗಿದ್ದೀತು, ಏಕೆ? ಇದನ್ನು ಬರೆದ ದಿನ ನನಗೆ ಸ್ವಲ್ಪ ಜಂಬವೇ ಇತ್ತು.

ತೊಂಬತ್ತಾರು ಉತ್ತರಪತ್ರಿಕೆ ತಿದ್ದಿದೆ. ತೊಂಬತ್ತೈದರಲ್ಲಿ ಅದೇ ಆಲಿಕೆಯ ಚಿತ್ರ, ಅದೇ ವಾಕ್ಯ: ‘ಏಕೆಂದರೆ ತೊಟ್ಟಿ ಮೇಲೆ ಹೋದಂತೆ ಅಗಲವಾಗುತ್ತದೆ, ಆದ್ದರಿಂದ ಏರಿಕೆಯ ದರ ಇಳಿಯುತ್ತದೆ.’ ಒಬ್ಬ ಮಹಾರಾಯ ನಡುವಿನ ‘ಕಾಮಾ’ವನ್ನೂ ಅಕ್ಷರದಲ್ಲೇ ಬರೆದಿದ್ದ. ಯಾರೋ ಮೊದಲೇ ಬರೆಸಿದ್ದಾರೆಂದು ತಿಳಿಯಲು ಗಣಿತ ಬೇಕಿಲ್ಲ. ಒಂದೊಂದು ಪತ್ರಿಕೆ ತೆರೆದಾಗಲೂ, ಅಗಿದು ಉಗಿದದ್ದನ್ನು ತಟ್ಟೆಗೆ ಬಡಿಸಿದಂತೆ ಹೇಸಿಗೆಯಾಯಿತು. ಎಲ್ಲದಕ್ಕೂ ಎಂಟಕ್ಕೆ ಎಂಟು ಹಾಕಿದೆ.

ಉಳಿದ ಒಂದರಲ್ಲಿ ಆಲಿಕೆ ಇರಲಿಲ್ಲ. ನೆಟ್ಟಗಿನ ಡ್ರಮ್ಮು, ತಳದಲ್ಲೊಂದು ತೂತು. ‘ತೊಟ್ಟಿ ಅಗಲವಾಗಲೇಬೇಕೆಂದಿಲ್ಲ. ಸೋರುತ್ತಿದ್ದರೂ ಹೀಗೇ ಆಗುತ್ತದೆ. ನೀರು ಏರಿದಷ್ಟೂ ಸೋರಿಕೆ ಜೋರಾಗುತ್ತದೆ. ಸೋರುವುದಿಲ್ಲ ಎಂದು ಪ್ರಶ್ನೆಯಲ್ಲಿ ಹೇಳಿಲ್ಲ’ ಎಂದು ಬರೆದು, ಕೆಳಗೆ ಲೆಕ್ಕ ಮಾಡಿ ತೋರಿಸಿತ್ತು. ಲೆಕ್ಕವೂ ಸರಿ. ಪತ್ರಿಕೆಯ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಆದರೆ ಚಿತ್ರದಲ್ಲಿ ತೂತಿನ ಕೆಳಗೆ ಹಿಡಿ ಮುರಿದ ಮಗ್ ಇತ್ತು ಅಕ್ಕ. ಭಾವ ‘ನಾಳೆ ಸರಿ ಮಾಡ್ತೀನಿ’ ಅನ್ನುತ್ತ ಆರು ವರ್ಷ ತಳ್ಳಿರುವ ನಿಮ್ಮ ಬಚ್ಚಲುಮನೆಯ ಡ್ರಮ್ಮು ನನಗೆ ಗೊತ್ತಿಲ್ಲವೇ?

ಪತ್ರಿಕೆ ಹಿಡಿದು ಮುಖ್ಯಸ್ಥರ ಬಳಿ ಹೋದೆ. ಅವರು ಕನ್ನಡಕ ಒರೆಸುತ್ತ, ‘ಸರಿಯಾಗೇ ಇರಬಹುದು ಮೇಡಂ, ಆದ್ರೆ ಸೂಚಿಯಲ್ಲಿ ಡ್ರಮ್ ಇಲ್ವಲ್ಲ. ಇವರೊಬ್ಬರಿಗೆ ಕೊಟ್ರೆ ನಾಳೆ ಎಲ್ರೂ ಇದನ್ನೇ ಶುರು ಮಾಡ್ತಾರೆ’ ಅಂದರು. ಏನನ್ನು ಶುರು ಮಾಡುತ್ತಾರೆ ಸಾರ್ ಎಂದು ಕೇಳಬೇಕಿತ್ತು. ತಲೆಯಾಡಿಸಿ ಬಂದೆ. ಬಂದವಳೇ ಸೊನ್ನೆ ಹಾಕಿದೆ, ಯಾರದೆಂದು ಗೊತ್ತಿದ್ದೇ. ಅಕ್ಕನ ಮಗಳಿಗೆ ಕೊಟ್ಟಳು ಎನ್ನುವ ಮಾತು ಬರಬಾರದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅದು ಹಸಿ ಸುಳ್ಳು. ಹೆದರಿದ್ದೆ, ಅಷ್ಟೇ.

ಮರುಮೌಲ್ಯಮಾಪನಕ್ಕೆ ಸೋಮವಾರ ಕೊನೆಯ ದಿನ. ಜವಾನನ ಕೈಲಿ ಕಳಿಸುತ್ತಿರುವ ಈ ಪತ್ರದೊಳಗೆ ಅರ್ಜಿ ಇದೆ. ಗುಬ್ಬಿ ಸಹಿ ಹಾಕಲಿ. ಗಣಿತ ಬಿಡುವ ಮಾತು ಮಾತ್ರ ಬೇಡ. ಆ ತೊಂಬತ್ತಾರರಲ್ಲಿ ಗಣಿತ ಮಾಡಿದವಳು ಅವಳೊಬ್ಬಳೇ.

ನಿನ್ನ ಎದುರು ನಿಲ್ಲಲು ನಾಚಿ ಕಾಗದ ಬರೆಯುತ್ತಿರುವ,
ತಂಗಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಆ ವಾಕ್ಯ ಬರೆಸಿದ ‘ಯಾರೋ’ ನಾನೇ. ಫಲಿತಾಂಶ ಕೆಡಬಾರದೆಂದು ಮುಖ್ಯಸ್ಥರು ಸೂಚಿಸಿದರು, ಪರೀಕ್ಷೆಗೆ ವಾರ ಮೊದಲು ಕಾಮಾ ಸಮೇತ ಹೇಳಿ ಬರೆಸಿದೆ. ಗುಬ್ಬಿ ಪೆನ್ನು ಮುಚ್ಚಿಟ್ಟು ಕೂತಿದ್ದಳು. ಯಾಕೆ ಬರೆಯುತ್ತಿಲ್ಲ ಎಂದು ಕೇಳಿದರೆ, ‘ನೀವೇ ಹೇಳಿಬಿಟ್ರೆ ನಾವೇನು ಯೋಚನೆ ಮಾಡೋದು ಮೇಡಂ?’ ಅಂದಳು. ಅವಳನ್ನು ಹೊರಗೆ ನಿಲ್ಲಿಸಿದೆ. ಮನೆಯಲ್ಲಿ ಅವಳು ಇದನ್ನು ನಿನಗೆ ಹೇಳಿರಲಿಕ್ಕಿಲ್ಲ. ಪರೀಕ್ಷಾ ವಿಭಾಗಕ್ಕೆ ಎಲ್ಲವನ್ನೂ ಬರೆದು ಇವತ್ತು ಬೆಳಿಗ್ಗೆ ಕೊಟ್ಟಿದ್ದೇನೆ, ಕೆಲಸದ ಗತಿ ಏನಾಗುವುದೋ ಗೊತ್ತಿಲ್ಲ. ಅರ್ಜಿಯಲ್ಲಿ ‘ಕಾರಣ’ ಎಂಬ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಅದನ್ನು ಗುಬ್ಬಿಯೇ ಬರೆಯಲಿ, ನಾನು ಬರೆಸುವುದಿಲ್ಲ.