ಗ್ರೀಕನಿಗೆ ಕುಸುಮಾವತಿಯ ಉತ್ತರ

ಜುಲೈ 27, 1990. ಶುಕ್ರವಾರ, ಬೆಳಿಗ್ಗೆ

ಹೆಂಡತಿ ಕುಸುಮಾವತಿಗೆ ಇನ್ಸುಲಿನ್ ಚುಚ್ಚಿ, ಚಹಾ ಕುಡಿದು, ಗೆಳೆಯ ಸಿರಿಲ್ ಕೊಟ್ಟ ಪುಸ್ತಕ ಹಿಡಿದೆ. ಎರಡೂವರೆ ಸಾವಿರ ವರ್ಷದ ಹಿಂದೆ ಒಬ್ಬ ಗ್ರೀಕ ಹೇಳಿದ್ದಾನೆ — ಎತ್ತಿಗೆ, ಕುದುರೆಗೆ ಕೈ ಇದ್ದಿದ್ದರೆ ಅವು ದೇವರನ್ನು ತಮ್ಮಂತೆಯೇ ಬರೆಯುತ್ತಿದ್ದವು. ಭಲೇ ಅನಿಸಿತು. ಅವಳಿಗೂ ಓದಿ ಹೇಳಿದೆ. ಮೂಗುಬೊಟ್ಟಿನ ಕೆಂಪು ಕಲ್ಲಿಗೆ ಹಿಟ್ಟು ಮೆತ್ತಿಕೊಂಡು, ಚಪಾತಿ ಲಟ್ಟಿಸುತ್ತಾ ಕೇಳಿದಳು: "ನಮ್ಮ ಪಂಜುರ್ಲಿ ದೈವಕ್ಕೆ ಹಂದಿ ಮುಖ ಉಂಟಲ್ಲ? ಅದನ್ನು ಮಾಡಿದ್ದು ಹಂದಿಗಳಾ ಮಾರಾಯ್ರೆ?"

ನಕ್ಕೆ. ಸ್ವಲ್ಪ ಸಿಟ್ಟೂ ಬಂತು. ಮಗಳು ಅಕ್ಷಿತಾ ಕ್ರೇಯಾನ್ ತಂದು ಪಂಜುರ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಏಳು ವರ್ಷಕ್ಕೆ ಒಳ್ಳೆಯ ಕೈ.

ಆಗಸ್ಟ್ 9

ಇರಾಕಿನವರು ಈ ದೇಶಕ್ಕೆ ನುಗ್ಗಿ ವಾರ. ನಮ್ಮ ವೀಸಾದ ಧಣಿ, ಕಫೀಲ್, ಸೌದಿಗೆ ಓಡಿದ್ದಾನೆ. ನಮ್ಮ ಪಾಸ್‌ಪೋರ್ಟ್ ಶರ್ಕ್ ಬಡಾವಣೆಯ ಆಫೀಸಿನಲ್ಲಿ, ಅವನ ಬೀರುವಿನಲ್ಲಿ. ಅಲ್ಲಿ ಬಾಗಿಲಿಗೆ ಸೈನಿಕರು. ಇನ್ಸುಲಿನ್ ಎರಡೇ ಬಾಟಲಿ.

ಆಗಸ್ಟ್ 30, ಸಂಜೆ

ಅರ್ಧ ಡೋಸ್ ಕೊಡುತ್ತಿದ್ದೇನೆ. ನಮ್ಮ ಸಲ್ವಾದ ಫಾರ್ಮಸಿಗಳೆಲ್ಲ ಖಾಲಿ.

"ದೈವಕ್ಕೆ ಒಂದು ಕೋಲದ ಹರಕೆ ಹೇಳಿಕೊಳ್ಳಿ," ಎಂದಳು. "ಯಜಮಾನರೇ ಹೇಳಬೇಕು. ನಾನು ಹೇಳಿದ್ರೆ ಆಗುವುದಿಲ್ಲ. ನಿಮ್ಮ ಗಂಟೇನು ಹೋಗ್ತದೆ?"

ಫ್ರಿಜ್ಜಿನ ಕಾಗದಕ್ಕೆ ಕೈಮುಗಿಯುವುದಾ? ಆಗದು ಎಂದೆ. ಗ್ರೀಕನ ಮಾತು ಮತ್ತೊಮ್ಮೆ ಒಪ್ಪಿಸಿದೆ. ಗೋಡೆಯ ಕಡೆ ತಿರುಗಿ ಮಲಗಿದಳು.

ಸೆಪ್ಟೆಂಬರ್ 4

ಇನ್ಸುಲಿನ್ ಖಲಾಸ್. ಸಿರಿಲ್ ಮೂರು ಆಸ್ಪತ್ರೆ ಸುತ್ತಿ ಬರಿಗೈಲಿ ಬಂದ. ನೀರು, ನೀರು ಅನ್ನುತ್ತಾಳೆ. ಉಸಿರು ಜೋರಾಗಿದೆ... ನನಗೆ ಭಯವಾಗುತ್ತಿದೆ.

ಸೆಪ್ಟೆಂಬರ್ 19

ಕುಸುಮಾವತಿ ಹೋಗಿ ಹನ್ನೆರಡು ದಿನ.

ಸೆಪ್ಟೆಂಬರ್ 21, ಬೆಳಿಗ್ಗೆ

ಪಾಸ್‌ಪೋರ್ಟಿನ ಬದಲು ಎಂಬೆಸಿಯ ಕಾಗದ ಸಿಕ್ಕಿದೆ. ಹತ್ತಕ್ಕೆ ಬಸ್ಸು, ಜೋರ್ಡಾನ್ ಕಡೆಗೆ. ಫ್ರಿಜ್ಜಿನ ಚಿತ್ರ ತೆಗೆದುಕೊಳ್ಳಲು ಹೋದೆ. ಹಂದಿಯ ಮೂಗಿನ ಮೇಲೆ ಕೆಂಪು ಕಲ್ಲಿನ ಮೂಗುಬೊಟ್ಟು. ಅಕ್ಷಿತಾ ಯಾವಾಗ ಬರೆದಳೋ.

"ದೈವಕ್ಕೆ ಇದು ಇಲ್ಲವಲ್ಲ ಮಗಾ?"

"ದಟ್ಸ್ ಅಮ್ಮ, ಪಪ್ಪಾ," ಎಂದು ಶೂ ಕಟ್ಟಿಕೊಳ್ಳತೊಡಗಿದಳು.

ಗ್ರೀಕನೇ, ನಿನಗೆ ಹೆಂಡತಿ ಇದ್ದಳೇ?

ಚಪ್ಪಲಿ ಕಳಚಿ ಚಿತ್ರದ ಮುಂದೆ ನಿಂತೆ. ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತೇನೆ — ಸ್ವಾಮಿ, ಈ ಮನೆಯ ಯಜಮಾನ ನಾನು. ನಾನೇ ಹೇಳಬೇಕಿತ್ತು. ಅವಳು ಕೇಳಿದ ದಿನವೇ—